ಒಂದೇ ಮಡಕೆ

ಸಂಘದ ಅಧ್ಯಕ್ಷಗಿರಿಗೆ ನಿಲ್ಲುತ್ತೇನೆ ಎಂದು ಹೊಂಬಾಳಮ್ಮ ಹೇಳಿದ್ದು ಕಕ್ಕಸಿನ ಹಿಂದೆ ನಿಂತು. ಕೈಯಲ್ಲಿ ಬಳಿಯುವ ತಗಡಿತ್ತು.

ತುಮಕೂರಿನ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಕ್ಕಸುಗಳ ಸಾಲು ಹಿತ್ತಿಲ ಗೋಡೆಗೆ ಅಂಟಿಕೊಂಡಿತ್ತು. ಪ್ರತಿಯೊಂದರ ಹಿಂದೆ ಮೊಣಕಾಲೆತ್ತರಕ್ಕೆ ಒಂದು ಕಿಂಡಿ. ಕಿಂಡಿಯೊಳಗೆ ಡಬ್ಬ. ಮಕ್ಕಳು ಬರುವ ಮುಂಚೆ ಹೊಂಬಾಳಮ್ಮ ಬಗ್ಗಿ, ಒಳಗೆ ಕೈ ಹಾಕಿ, ಡಬ್ಬ ಎಳೆದು, ಬುಟ್ಟಿಗೆ ಸುರಿದು, ಬೂದಿ ಎರಚಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಉಪ್ಪಾರಹಳ್ಳಿಯ ಆಚೆಯ ಗುಂಡಿಗೆ ಹೊರಬೇಕು. ಮಳೆಗಾಲದಲ್ಲಿ ಬುಟ್ಟಿ ಸೋರುತ್ತದೆ. ಹಣೆಯ ಮೇಲೆ ಇಳಿಯುತ್ತದೆ. ಒರೆಸಿಕೊಳ್ಳಲು ಕೈ ಇರುವುದಿಲ್ಲ. ಎರಡೂ ಕೈ ಬುಟ್ಟಿ ಹಿಡಿದಿರುತ್ತವೆ. ತುಟಿ ಬಿಗಿದುಕೊಂಡು ನಡೆಯಬೇಕು.

ಹೋದ ವರ್ಷ ಡಬ್ಬದ ತುಕ್ಕು ಹಿಡಿದ ಅಂಚು ಅವಳ ಕಿರುಬೆರಳನ್ನು ಸೀಳಿತು. ಬೆರಳು ಬಾತು ಕಪ್ಪಾಯಿತು. ದೊಡ್ಡಾಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಕಟ್ಟು ಬಿಚ್ಚುವ ಮುಂಚೆಯೇ ಅವಳು ಮತ್ತೆ ಕಿಂಡಿಯ ಮುಂದೆ ಬಗ್ಗಿದ್ದಳು. ಬಗ್ಗದಿದ್ದರೆ ಬೇರೆ ಯಾರನ್ನೋ ಕರೆತರುತ್ತಿದ್ದರು.

ಸೀತಾರಾಮಯ್ಯ ಮೂಗಿಗೆ ಕರ್ಚೀಫು ಹಿಡಿದು ದೂರದ ಹೊಂಗೆಮರದ ಕೆಳಗೆ ನಿಂತಿದ್ದ. ಆತ ಶಾಲೆಯ ಆಫೀಸಿನ ಗುಮಾಸ್ತ. ನೌಕರರ ಸಂಘ ಹುಟ್ಟಿದಾಗಿನಿಂದ ಅದರ ಅಧ್ಯಕ್ಷ.

"ಬರೋ ತಿಂಗಳ ಕೊನೇ ಭಾನುವಾರ ಸಂಘದ ಸಭೆ. ಹಿಂದಿನ ದಿನಾನೇ ಪ್ರಾರ್ಥನೆ ಹಾಲ್ ಗುಡಿಸಿಬಿಡು."

"ಗುಡುಸ್ತೀನಿ. ಅಧ್ಯಕ್ಷರ ಎಲೆಕ್ಷನ್ನು ಅವತ್ತೇ ಅಲ್ವಾ ಸ್ವಾಮಿ?"

"ಹೌದು. ನಿಂಗ್ಯಾಕೆ ಅದು?"

"ನಾನೂ ನಿಂತ್ಕಂತೀನಿ."

ಸೀತಾರಾಮಯ್ಯ ಕರ್ಚೀಫು ಕೆಳಗಿಳಿಸಿದ. ವಾಸನೆಗೆ ಮುಖ ಕಿವುಚಿ ಮತ್ತೆ ಏರಿಸಿದ. ಅದರ ಹಿಂದೆಯೇ ನಕ್ಕ.

"ನಿಲ್ಲಮ್ಮ. ಬೇಡ ಅಂದೋರ್ಯಾರು? ಪ್ರತಿ ವರ್ಷ ಜಗಲಿ ಮೇಲೆ ನಿಲ್ತೀಯಲ್ಲ, ಹಾಗೇ ನಿಲ್ಲು."

ಅವನು ಹೇಳಿದ್ದು ಸುಳ್ಳಲ್ಲ. ಆ ವಿದ್ಯಾಸಂಸ್ಥೆಗೆ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಶಾಲೆಗಳಿದ್ದವು. ಗಂಟೆ ಹೊಡೆಯುವವರು, ನೀರು ಹೊರುವವರು, ಕಸ ಗುಡಿಸುವವರು, ಕಕ್ಕಸು ಬಳಿಯುವವರು ಎಲ್ಲರಿಗೂ ಸೇರಿ ಒಂದೇ ಸಂಘ. ಆದರೆ ಸಭೆಯಲ್ಲಿ ಹೊಲಗೇರಿ ಮಾದಿಗೇರಿಯವರಿಗೆ ಜಗಲಿ. ಉಳಿದವರಿಗೆ ಪ್ರಾರ್ಥನೆ ಹಾಲಿನೊಳಗೆ ಜಮಖಾನ. ಕೈ ಎತ್ತಿ ಅಧ್ಯಕ್ಷನನ್ನು ಆರಿಸುವಾಗ ಎಣಿಸುವವನು ಬಾಗಿಲ ತನಕ ಬಂದು ಹಿಂದಿರುಗುತ್ತಿದ್ದ. ಹೊಂಬಾಳಮ್ಮ ಮಾದಿಗರವಳು. ಹೋದ ವರ್ಷ ಕಟ್ಟು ಕಟ್ಟಿದ್ದ ಕೈಯನ್ನೇ ಎತ್ತಿದ್ದಳು, ಸೀತಾರಾಮಯ್ಯನ ವಿರುದ್ಧ. ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

ಅದಕ್ಕೂ ಮುಂಚೆ ಅವಳು ಅವನನ್ನೇ ಕೇಳಿದ್ದಳು. ತಲೆಯ ಮೇಲೆ ಹೊರುವುದು ಬೇಡ, ಒಂದು ತಳ್ಳುಗಾಡಿ ಕೊಡಿಸಿ ಎಂದು. "ಅದು ನಿಮ್ಮ ಕುಲದ ಕೆಲಸ ಕಣಮ್ಮ, ಸಂಘಕ್ಕೆ ಸಂಬಂಧಪಡಲ್ಲ" ಎಂದಿದ್ದ. ಬೆರಳು ಹೋದಾಗಿನ ನೋವು ಅವಳಿಗೆ ಮರೆತಿತ್ತು. ಈ ಮಾತು ಮರೆತಿರಲಿಲ್ಲ.

ಮೊದಲ ಭಾನುವಾರ ಅವಳು ರೈಲು ಹತ್ತಿ ಗುಬ್ಬಿಗೆ ಹೋದಳು. ಅಲ್ಲಿನ ಗಂಡುಮಕ್ಕಳ ಶಾಲೆಯಲ್ಲಿ ಕಕ್ಕಸು ಬಳಿಯುವವನು ಕದರಯ್ಯ, ಅವಳಿಗೆ ದೂರದ ನೆಂಟ. ಮನೆಯ ಮುಂದೆ ಬಾಗಿ ಕೂತು ಬೆನ್ನಿಗೆ ಹರಳೆಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಅವಳ ಮಾತು ಕೇಳಿ ಬೆನ್ನು ನೆಟ್ಟಗೆ ಮಾಡಿದ.

"ಅಕ್ಕಾ, ನಂಗೆ ನಾಕು ಮಕ್ಳವೆ. ಕೆಲ್ಸ ಹೋದ್ರೆ?"

"ಹೋದ್ರೆ ಏನ್ಲಾ ಹೋಗ್ತದೆ? ಈ ಬುಟ್ಟಿ ಹೋಗ್ತದೆ."

"ಬುಟ್ಟಿ ಹೋದ್ರೆ ಮುದ್ದೇನೂ ಹೋಗ್ತದೆ."

ಹೊಂಬಾಳಮ್ಮ ಎದ್ದು ಹೋಗಲಿಲ್ಲ. ಮಧ್ಯಾಹ್ನದ ತನಕ ಅಲ್ಲೇ ಕೂತಳು. ಕೊನೆಗೆ ಕದರಯ್ಯನೇ ಅಂಗಿ ತೊಟ್ಟುಕೊಂಡ. "ಬಾ, ಪುಟ್ಟರಂಗಯ್ಯನ್ನ ನೋಡಾನ. ಅವ್ನು ಒಪ್ಪಿದ್ರೆ ಗುಬ್ಬಿಯೋರು ಅರ್ಧ ಜನ ಒಪ್ತಾರೆ."

ಪುಟ್ಟರಂಗಯ್ಯ ಅದೇ ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನ. ಚೇಳೂರು ಕಡೆಯವನು. ನಾಲ್ಕಾರು ತೆಂಗಿನಮರ, ಒಂದಿಷ್ಟು ರಾಗಿಹೊಲ ಇದ್ದವನು. ಮನೆಯ ಹೊರಗೆ ಕಲ್ಲಿನ ಮೇಲೆ ಕೂತಿದ್ದ. ಬಂದವರಿಗೆ ಕೂರಲು ಹೇಳಲಿಲ್ಲ. ಅವರು ನಿಂತೇ ಮಾತಾಡಿದರು.

"ನೀನು ಗೆದ್ರೆ ನಾನು ನಿನ್ ಮುಂದೆ ಕೈ ಕಟ್ಕಂಡು ನಿಂತ್ಕಬೇಕಾ?" ಎಂದ ಪುಟ್ಟರಂಗಯ್ಯ.

"ಕೈ ಕಟ್ಬೇಡಿ. ಕೈ ಎತ್ತಿ, ಸಾಕು."

ಅವನು ನಗಲಿಲ್ಲ. ಕಾಲಿನ ಹಿಮ್ಮಡಿ ಕೆರೆದುಕೊಂಡ. ಹಿಮ್ಮಡಿ ಒಡೆದಿತ್ತು. ಸಂಸ್ಥೆಯ ಸೆಕ್ರೆಟರಿ ಚಂದ್ರಶೇಖರಯ್ಯನವರಿಗೆ ಗುಬ್ಬಿಯಲ್ಲಿ ತೋಟವಿತ್ತು. ಶಾಲೆ ಬಿಟ್ಟ ಮೇಲೆ ಜವಾನರೆಲ್ಲ ಅಲ್ಲಿಗೆ ಹೋಗಬೇಕು. ಕಾಯಿ ಸುಲಿಯಬೇಕು. ಎಮ್ಮೆ ತೊಳೆಯಬೇಕು. ಕೊಟ್ಟಿಗೆಯ ಗಂಜಲದಲ್ಲಿ ನಿಂತು ಸಗಣಿ ಬಾಚಬೇಕು. ಹೋಗದಿದ್ದವನಿಗೆ ಮರುದಿನ ಶಾಲೆಯಲ್ಲಿ ಗೈರುಹಾಜರಿ. ಹೋದ ಶ್ರಾವಣದಲ್ಲಿ ಒಂದು ಎಮ್ಮೆಯ ಕರು ಸತ್ತಿತು. ಸೆಕ್ರೆಟರಿಯ ಮಗ ಕಾಲೇಜು ಓದುವ ಹುಡುಗ. ಪುಟ್ಟರಂಗಯ್ಯನೇ ಕಾರಣ ಎಂದು ಎಲ್ಲರ ಮುಂದೆ ಕೆನ್ನೆಗೆ ಹೊಡೆದಿದ್ದ. ಪುಟ್ಟರಂಗಯ್ಯನ ತಲೆಯಲ್ಲಿ ಆಗಲೇ ಬಿಳಿಕೂದಲಿತ್ತು.

ಗುಬ್ಬಿಯಲ್ಲಿ ಇದು ಎಲ್ಲರಿಗೂ ಗೊತ್ತು. ಯಾರೂ ಆಡುತ್ತಿರಲಿಲ್ಲ. ಹೊಂಬಾಳಮ್ಮ ಆಡಿದಳು.

"ಅವತ್ತು ನಿಮ್ ಕೆನ್ನೆಗೆ ಬಿದ್ದಾಗ ಸೀತಾರಾಮಯ್ಯ ಏನಂದ?"

ಪುಟ್ಟರಂಗಯ್ಯನ ಮುಖ ಕೆಂಪಾಯಿತು. ಕದರಯ್ಯ ಹೆದರಿ ಒಂದು ಹೆಜ್ಜೆ ಹಿಂದಿಟ್ಟ.

"ದೊಡ್ಡೋರ ಮನೆ ಹುಡ್ಗ, ಹೊಟ್ಟೆಗ್ ಹಾಕ್ಕೋ ಅಂದ."

"ನಾನು ಗೆದ್ರೆ ಯಾವ ಜವಾನನೂ ಯಾರ ಮನೆ ಚಾಕ್ರಿನೂ ಮಾಡಲ್ಲ. ಸ್ಕೂಲಿನ ಕೆಲ್ಸ ಸ್ಕೂಲಲ್ಲಿ. ಅಷ್ಟೇ. ಇನ್ನೊಂದು, ನಮ್ ತಲೆ ಮೇಲಿನ ಬುಟ್ಟಿ ಇಳೀಬೇಕು. ನಿಮ್ದಕ್ಕೆ ನಾವು, ನಮ್ದಕ್ಕೆ ನೀವು."

ಅವನು ಕೆನ್ನೆ ಸವರಿಕೊಂಡ. ಆಮೇಲೆ, "ಕೈ ಎತ್ತೋದಾದ್ರೆ ಆಗಲ್ಲ. ಸೆಕ್ರೆಟರಿ ಎದುರಿಗೇ ಕೂತಿರ್ತಾನೆ. ಗುಟ್ಟಾಗಿ ಓಟು ಹಾಕೋ ಹಂಗೆ ಮಾಡು, ನೋಡಾನ" ಎಂದ.

ಆ ಮಾತು ಸರಿ ಎಂದು ಅವಳಿಗೆ ಅನ್ನಿಸಿತು. ದೇಶದ ಎಲೆಕ್ಷನ್ನಿನಲ್ಲಿ ಅವಳು ಪರದೆಯ ಹಿಂದೆ ಹೋಗಿ ಓಟು ಹಾಕಿದ್ದಳು. ಅಲ್ಲಿ ಜಗಲಿ ಇರಲಿಲ್ಲ.

ಮುಂದಿನ ಭಾನುವಾರ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದಳು. ಅಲ್ಲಿನ ಶಾಲೆಯಲ್ಲಿ ನೀರು ಹೊರುವ ಹೆಂಗಸರೇ ಹೆಚ್ಚು. ಒಕ್ಕಲಿಗರು, ಗೊಲ್ಲರು, ಕುಂಬಾರರು. ಎಲ್ಲರೂ ಗಂಡ ಸತ್ತವರು ಇಲ್ಲವೇ ಬಿಟ್ಟವರು. ಅವರ ಪೈಕಿ ಹಿರಿಯಳು ಚಿಕ್ಕಗಂಗಮ್ಮ. ಅವಳು ಹೇಳಿದಂತೆ ಉಳಿದವರು ಕೇಳುತ್ತಿದ್ದರು. ಶಾಲೆ ದಿಣ್ಣೆಯ ಮೇಲೆ, ಬಾವಿ ತಗ್ಗಿನಲ್ಲಿ. ಭಾನುವಾರ ಕೂಡ ಹಾಸ್ಟೆಲಿನ ಹಂಡೆ ತುಂಬಬೇಕು. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಚಿಕ್ಕಗಂಗಮ್ಮ ದಿಣ್ಣೆ ಏರುತ್ತಿದ್ದಳು. ಕಾಲು ಅಗಲಿಸಿಕೊಂಡು ನಡೆಯುತ್ತಿದ್ದಳು. ಪ್ರತಿ ಸಲ ಕೊಡ ಇಳಿಸಿದಾಗಲೂ ಕೆಳಹೊಟ್ಟೆಗೆ ಕೈ ಒತ್ತಿಕೊಳ್ಳುತ್ತಿದ್ದಳು.

ಹೊಂಬಾಳಮ್ಮ ಅದನ್ನು ನೋಡಿದಳು. ಬೇರೆ ಹೆಂಗಸರು ದೂರ ಹೋಗುವ ತನಕ ಕಾದು ಹತ್ತಿರ ಹೋದಳು.

"ಅವ್ವಾ, ಗರ್ಭಚೀಲ ಜಾರಿದೆಯಾ?"

ಚಿಕ್ಕಗಂಗಮ್ಮ ಕೊಡ ಕೆಳಗಿಟ್ಟಳು. ಸುತ್ತ ನೋಡಿದಳು. ಕಣ್ಣಲ್ಲಿ ನೀರು ಬಂತು, ನಾಚಿಕೆಗೋ ಸಿಟ್ಟಿಗೋ ತಿಳಿಯಲಿಲ್ಲ.

"ನಿಂಗ್ಯಾರೇ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಮ್ಮವ್ವಂಗೂ ಹಿಂಗೇ ಆಗಿತ್ತು. ಬಟ್ಟೆ ಕಟ್ಕಂಡು ಕೂಲಿಗೋಗೋಳು. ಹಂಗೇ ಸತ್ತೋದ್ಲು."

"ಬಟ್ಟೆ ಕಟ್ಕಂಡೇ ಇವ್ನಿ. ದಿಣ್ಣೆ ಹತ್ತುವಾಗ ಹೊರಕ್ಕೇ ಬತ್ತದೆ. ಕೂತ್ಕಂಡು ಒಳಕ್ಕೆ ತಳ್ಕಂಡು ಮತ್ತೆ ಹತ್ತೀನಿ." ಧ್ವನಿ ತಗ್ಗಿಸಿದಳು. "ಯಾರ್ಗೂ ಅನ್ಬೇಡ. ಕೆಲ್ಸದಿಂದ ತೆಗೆದ್ಬುಡ್ತಾರೆ."

"ಅದಕ್ಕೇ ಬಂದಿರೋದು ನಾನು. ಕಾಯಿಲೆ ಬಿದ್ದೋರಿಗೆ ರಜಾ ಬೇಕು, ಬಂದ್ಮೇಲೆ ಕೆಲ್ಸ ಇರ್ಬೇಕು. ಬಾವಿಗೆ ಪಂಪು ಬೇಕು. ಇದನ್ನ ಕೇಳಕ್ಕೆ ಒಬ್ಳು ಬೇಕಲ್ಲ?"

ಬಿಸಿಲು ಏರಿತ್ತು. ಹೊಂಬಾಳಮ್ಮ ನೀರು ಕೇಳಿದಳು. ಚಿಕ್ಕಗಂಗಮ್ಮ ಕೊಡ ಎತ್ತಿ ಮೇಲಿನಿಂದ ಸುರಿದಳು. ಹೊಂಬಾಳಮ್ಮ ಬಗ್ಗಿ ಬೊಗಸೆ ಒಡ್ಡಿದಳು. ನಾಲ್ಕು ಬೆರಳಿನ ಕೈಯಲ್ಲಿ ನೀರು ನಿಲ್ಲುವುದಿಲ್ಲ. ಅರ್ಧ ಕುಡಿದಳು, ಅರ್ಧ ಮೊಣಕೈಯಿಂದ ಇಳಿದು ಸೀರೆ ತೊಯ್ದಿತು.

"ನಿಂಗೇ ಹಾಕ್ತೀನಿ ಬುಡು," ಎಂದಳು ಚಿಕ್ಕಗಂಗಮ್ಮ, ಕೊಡವನ್ನು ದೂರ ಹಿಡಿದು. "ಓಟು ಹಾಕಕ್ಕೆ ಮುಟ್ಟಬೇಕಾಗಿಲ್ವಲ್ಲ."

ಕೆಟ್ಟದಾಗಿ ಹೇಳಿದ ಮಾತಲ್ಲ ಅದು. ಸುಮ್ಮನೆ ಹೇಳಿದ್ದು. ಹೊಂಬಾಳಮ್ಮನಿಗೆ ಕೊಡವನ್ನು ಕಿತ್ತು ಬಾವಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಅವಳಿಗೆ ಓಟು ಬೇಕಾಗಿತ್ತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಉದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಸುದ್ದಿ ಸೆಕ್ರೆಟರಿಗೆ ಮುಟ್ಟಿತು. ಚಂದ್ರಶೇಖರಯ್ಯ ಅವಳನ್ನು ಆಫೀಸಿಗೆ ಕರೆಸಿದರು. ಅವಳು ಎಂದಿನಂತೆ ಮೆಟ್ಟಿಲ ಕೆಳಗೆ ನಿಂತಳು. ಅವರು ಕುರ್ಚಿಯನ್ನು ಬಾಗಿಲಿಗೆ ಎಳೆಸಿಕೊಂಡು ಕೂತರು. ಖಾದಿ ಜುಬ್ಬ ತೊಟ್ಟಿದ್ದರು. ಧ್ವನಿ ಮೆತ್ತಗಿತ್ತು.

"ನೋಡಮ್ಮ, ಹರಿಜನರ ಮೇಲೆ ನಮಗೆ ಪ್ರೀತಿ ಇದೆ. ನಿನ್ನ ಬೆರಳಿನ ವಿಷಯ ಕೇಳಿ ಬೇಜಾರಾಯ್ತು. ನಿನಗೆ ತಳ್ಳುಗಾಡಿ ಕೊಡಿಸ್ತೀನಿ. ಹೊಸಾದು. ಈ ಎಲೆಕ್ಷನ್ ಗಿಲೆಕ್ಷನ್ ಬಿಟ್ಬಿಡು."

"ಎಲ್ರಿಗೂ ಕೊಡುಸ್ತೀರಾ?"

"ನಿನಗೆ ಅಂದೆ."

"ನನ್ನೊಬ್ಬಳ ತಲೆ ಮೇಲಾ ಐತೆ ಬುಟ್ಟಿ?"

ಚಂದ್ರಶೇಖರಯ್ಯ ಎದ್ದರು. ಮರುದಿನದಿಂದ ಉಪಾಧ್ಯಾಯರ ಕಕ್ಕಸುಗಳನ್ನೂ ಅವಳಿಗೇ ಹಚ್ಚಿದರು. ಇನ್ನೊಂದು ವಾರಕ್ಕೆ, ಡಬ್ಬ ಎಳೆಯಲು ಕಿಂಡಿಯೊಳಗೆ ಕೈ ಹಾಕಿದಾಗ ಏನೋ ಚುಚ್ಚಿತು. ಕೈ ಹಿಂದಕ್ಕೆಳೆದಳು. ತಗಡಿನಿಂದ ಕೆದಕಿ ನೋಡಿದಳು. ಬೂದಿಯಡಿ ಒಡೆದ ಮಸಿಸೀಸೆಯ ಚೂರುಗಳಿದ್ದವು. ಒಂದು ಡಬ್ಬದಲ್ಲಲ್ಲ. ಎಲ್ಲ ಡಬ್ಬಗಳಲ್ಲೂ.

ಅವಳು ಗೋಡೆಗೊರಗಿ ಕೂತಳು. ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿಕೊಂಡಳು. ಬಿಟ್ಟುಬಿಡೋಣ ಅನ್ನಿಸಿತು. ಯಾರಿಗೂ ಹೇಳಲಿಲ್ಲ, ಆದರೆ ಆ ದಿನವೆಲ್ಲ ಹಾಗೇ ಅನ್ನಿಸುತ್ತಿತ್ತು. ಸಂಜೆ ಬುಟ್ಟಿ ತೊಳೆಯುವಾಗ ಅವಳಿಗೆ ಮತ್ತೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದಾಯಿತು.

ಸಭೆಯ ಹಿಂದಿನ ದಿನ ಹಾಲನ್ನು ಅವಳೇ ಗುಡಿಸಿದಳು. ಜಮಖಾನ ಹಾಸುವ ಕೆಲಸ ಬೇರೆಯವರದು. ಅದನ್ನು ಅವಳು ಮುಟ್ಟುವ ಹಾಗಿರಲಿಲ್ಲ.

ಭಾನುವಾರ ಬೆಳಗ್ಗೆ ಮೂರು ಊರಿನವರೂ ಬಂದರು. ಗುಬ್ಬಿಯವರು ರೈಲಿಗೆ, ಕುಣಿಗಲ್ಲಿನವರು ಬಸ್ಸಿಗೆ. ಚಂದ್ರಶೇಖರಯ್ಯ ವೇದಿಕೆಯ ಮೇಲೆ ಕೂತರು. ಪಕ್ಕದಲ್ಲಿ ಸೀತಾರಾಮಯ್ಯ. ಕೇರಿಯವರು ಎಂದಿನಂತೆ ಜಗಲಿಯಲ್ಲಿ ಉಳಿದರು. ಹೊಂಬಾಳಮ್ಮ ಮಾತ್ರ ಒಳಗೆ ಹೋಗಿ, ಜಮಖಾನ ಬಿಟ್ಟು, ಬರಿ ನೆಲದ ಮೇಲೆ ವೇದಿಕೆಯ ಮುಂದೆ ನಿಂತಳು. ಯಾರೋ "ಥೂ" ಎಂದರು. ಅವಳು ತಿರುಗಿ ನೋಡಲಿಲ್ಲ.

"ಕೈ ಎತ್ತೋದು ಬೇಡ. ಗುಟ್ಟಾಗಿ ಓಟು ಹಾಕಾನ," ಎಂದಳು.

ಸೀತಾರಾಮಯ್ಯ ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡಿದ್ದಳು. ಅವನು ತಲೆಯಾಡಿಸಿದ.

"ಆಗಲಿ. ಎಲ್ಲರಿಗೂ ಓದೋಕೆ ಬರೆಯೋಕೆ ಬರಲ್ಲ. ಅದಕ್ಕೆ ನಾನೇ ಒಂದು ಏರ್ಪಾಡು ಮಾಡಿದೀನಿ. ಒಬ್ಬೊಬ್ಬರಿಗೂ ಒಂದು ಅವರೆಕಾಳು, ಒಂದು ಹುಣಸೆಬೀಜ. ಅವರೆಕಾಳು ಅಂದ್ರೆ ನಾನು. ಹುಣಸೆಬೀಜ ಹೊಂಬಾಳಮ್ಮ. ಮುಷ್ಟಿನ ಮಡಕೆಯೊಳಗೆ ಹಾಕಿ, ಬೇಕಾದ್ದನ್ನ ಬಿಟ್ಟು, ಇನ್ನೊಂದನ್ನ ಮುಚ್ಚಿಕೊಂಡು ಹೋಗಿ. ಯಾರು ಏನು ಹಾಕಿದ್ರು ಅಂತ ದೇವರಿಗೂ ತಿಳಿಯಲ್ಲ."

ಜನ ಪಿಸುಗುಟ್ಟಿದರು. ಪುಟ್ಟರಂಗಯ್ಯ ಮೀಸೆ ತಿರುವಿದ. ಹೊಂಬಾಳಮ್ಮನಿಗೆ ಒಂದು ಗಳಿಗೆ ಎದೆ ಹಗುರಾಯಿತು.

ಆಗ ಮಡಕೆ ಬಂತು. ಒಂದಲ್ಲ, ಎರಡು. ಶಾಲೆಗೆ ಕುಡಿಯುವ ನೀರಿಗೆಂದು ತಂದಿಟ್ಟ ಹೊಸ ಮಡಕೆಗಳು. ಒಂದನ್ನು ಹಾಲಿನ ನಡುವೆ ಇಟ್ಟರು. ಇನ್ನೊಂದನ್ನು ಜಗಲಿಯ ಮೇಲೆ.

"ಇದು ಇವರಿಗೆ, ಅದು ಅವರಿಗೆ," ಎಂದ ಸೀತಾರಾಮಯ್ಯ. "ಯಾರಿಗೂ ಮುಜುಗರ ಬೇಡ."

ಕದರಯ್ಯ ಜಗಲಿಯಿಂದ ಅವಳನ್ನು ಕರೆದ. ಕಿವಿಯಲ್ಲಿ ಹೇಳಿದ: "ಒಪ್ಕೋ ಅಕ್ಕಾ. ನಮ್ಮೋರೆಲ್ಲ ನಿಂಗೇ. ಒಳಗಿನೋರೂ ಅರ್ಧ ಜನ ನಿಂಗೇ. ಗೆಲ್ತೀಯ. ಮಡಕೆ ಒಂದಾದ್ರೇನು ಎರಡಾದ್ರೇನು?"

ಅವನು ಹೇಳಿದ್ದು ಸರಿಯಾಗಿತ್ತು. ಗೆಲ್ಲುತ್ತಿದ್ದಳೋ ಏನೋ. ಹೊಂಬಾಳಮ್ಮ ಜಗಲಿಯ ಮಡಕೆಯನ್ನು ನೋಡಿದಳು. ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಕಲ್ಲಿನ ಮೇಲೆ ಎತ್ತಿಹಾಕಿದಳು. ಚೂರುಗಳು ಅಂಗಳದ ತನಕ ಹಾರಿದವು.

"ಒಂದೇ ಮಡಕೆ," ಎಂದಳು. "ಸಂಘ ಒಂದಾದ್ರೆ ಮಡಕೆ ಒಂದು. ಎರಡಾದ್ರೆ ನಂಗೆ ಈ ಅಧ್ಯಕ್ಷಗಿರೀನೂ ಬೇಡ, ನಿಮ್ ಸಂಘಾನೂ ಬೇಡ. ಸರ್ಕಾರದ ಎಲೆಕ್ಷನ್ನಲ್ಲಿ ಎಲ್ರೂ ಒಂದೇ ಪೆಟ್ಟಿಗೆಗೆ ಹಾಕ್ಲಿಲ್ವಾ? ಅಲ್ಲಿ ಯಾರ್ ಸತ್ರು?"

ಗದ್ದಲವಾಯಿತು. ಆಫೀಸಿನ ಜವಾನರು, ಹಾಸ್ಟೆಲಿನ ಅಡುಗೆಯವರು ಎದ್ದು ನಿಂತರು. ಮಾದಿಗರು ಕೈ ಹಾಕಿದ ಮಡಕೆಗೆ ನಾವು ಕೈ ಹಾಕೋದಿಲ್ಲ ಎಂದರು. ಟವೆಲು ಕೊಡವಿಕೊಂಡು ಗೇಟಿನ ಕಡೆ ಹೊರಟರು. ಕೇರಿಯವರಲ್ಲೂ ಕೆಲವರು ಹೊಂಬಾಳಮ್ಮನಿಗೇ ಬೈದರು. ಕದರಯ್ಯ ತಲೆಯ ಮೇಲೆ ಕೈ ಹೊತ್ತು ಕೂತ. ಚಂದ್ರಶೇಖರಯ್ಯ ವೇದಿಕೆಯ ಮೇಲೆ ವೀಳ್ಯದೆಲೆ ಮಡಚುತ್ತಿದ್ದರು. ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ.

ಆಗ ಪುಟ್ಟರಂಗಯ್ಯ ಎದ್ದ. ಕಾಳು ಹಂಚುವವನ ಮುಂದೆ ಕೈ ಒಡ್ಡಿದ. ಎರಡೂ ತೆಗೆದುಕೊಂಡ. ನೇರ ಮಡಕೆಯ ಹತ್ತಿರ ಹೋದ.

"ಮೊದ್ಲು ಅವ್ರು ಹಾಕ್ಲಿ," ಎಂದ, ಜಗಲಿಯ ಕಡೆ ನೋಡಿ. "ಬಾರ್ಲಾ ಕದರಯ್ಯ. ನೀನು ಹಾಕು. ನಿನ್ ಹಿಂದೆ ನಾನು."

ಯಾರೋ ಅವನ ಜಾತಿ ಹಿಡಿದು ಕೂಗಿದರು. ಅವನು ವೇದಿಕೆಗೆ ಮುಖ ಮಾಡಿ ಕೈ ತೋರಿಸಿದ.

"ಈ ಕೈಯಲ್ಲಿ ನಿಮ್ ಎಮ್ಮೆ ಸಗಣಿ ಬಾಚಿವ್ನಿ ಸ್ವಾಮಿ. ನಿಮ್ ಮಗನ ಹತ್ರ ಹೊಡಿಸ್ಕಂಡು ಈ ಕೈಯನ್ನೇ ಮುಗಿದಿವ್ನಿ. ಇನ್ನು ಈ ಕೈಗೆ ಏನ್ ಮೈಲಿಗೆ ಆದಾತು?"

ಕದರಯ್ಯ ಎದ್ದು ಬಂದ. ಹೊಸಲು ದಾಟಿ ಹಾಲಿನೊಳಗೆ ಕಾಲಿಟ್ಟ. ಮುಷ್ಟಿಯನ್ನು ಮಡಕೆಯೊಳಗೆ ಹಾಕಿ ತೆಗೆದ. ಅವನ ಹಿಂದೆ ಪುಟ್ಟರಂಗಯ್ಯ. ಅವನ ಹಿಂದೆ ಗುಬ್ಬಿಯ ಇನ್ನೊಬ್ಬ ಜವಾನ. ಆಮೇಲೆ ಸಾಲು ಬೆಳೆಯಿತು. ಬೆಳೆದರೂ ತೆಳ್ಳಗಿತ್ತು.

ಕುಣಿಗಲ್ಲಿನ ಹೆಂಗಸರು ಚಿಕ್ಕಗಂಗಮ್ಮನ ಮುಖ ನೋಡುತ್ತಿದ್ದರು. ಅವಳು ಕಾಲೆಳೆದುಕೊಂಡು ಮಡಕೆಯ ತನಕ ಬಂದಳು. ಮುಷ್ಟಿ ಬಿಗಿಯಾಗಿತ್ತು. ಮಡಕೆಯ ಬಾಯಿ ನೋಡಿದಳು. ಹೊಂಬಾಳಮ್ಮನನ್ನು ನೋಡಿದಳು. ಕೈ ಮುಂದೆ ಬಂದು ಗಾಳಿಯಲ್ಲಿ ನಿಂತಿತು.

ಅವಳಿಗೆ ಆಗಲಿಲ್ಲ. ಕಾಳುಗಳನ್ನು ನೆಲದ ಮೇಲೆ ಬಿಟ್ಟು, ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಅವಳ ಜೊತೆ ಬಂದವರಲ್ಲಿ ಅರ್ಧ ಜನ ಅವಳ ಹಿಂದೆ ಹೋದರು. ಅರ್ಧ ಜನ ಉಳಿದರು.

ಆ ಹೊತ್ತಿಗೆ ಸೀತಾರಾಮಯ್ಯನಿಗೆ ತನ್ನ ತಪ್ಪು ತಿಳಿದಿತ್ತು. ಮಡಿ ಎಂದು ಮೊದಲು ಎದ್ದು ಹೋದ ಜವಾನರು, ಅಡುಗೆಯವರೆಲ್ಲ ಅವನ ಕಡೆಯವರೇ. ಗೇಟಿನ ತನಕ ಓಡಿದ. "ಬನ್ರೋ, ಮನೆಗ್ ಹೋಗಿ ಸ್ನಾನ ಮಾಡಿದ್ರಾಯ್ತು" ಎಂದು ಅಂಗಲಾಚಿದ. ಕೆಲವರು ಬಂದರು. ಹೆಚ್ಚಿನವರು ಬರಲಿಲ್ಲ. ಕೊನೆಗೆ ಅವನೇ ಮಡಕೆಯ ಮುಂದೆ ನಿಂತ. ಕಣ್ಣು ಮುಚ್ಚಿಕೊಂಡು ಕೈ ಹಾಕಿದ. ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಲ್ಲಿಯ ಕಡೆ ನಡೆದ. ಜಗಲಿಯ ಮೇಲಿದ್ದವರು ನಕ್ಕರು. ಆ ಶಾಲೆಯಲ್ಲಿ ಅವರು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಮಡಕೆಯನ್ನು ಜಮಖಾನದ ಮೇಲೆ ಬೋರಲು ಹಾಕಿದರು. ಅವರೆಕಾಳಿಗಿಂತ ಹುಣಸೆಬೀಜ ನಾಲ್ಕು ಹೆಚ್ಚಿದ್ದವು.

ಯಾರೂ ಹಾರ ತರಲಿಲ್ಲ. ಸೀತಾರಾಮಯ್ಯನಿಗೆಂದು ತಂದಿಟ್ಟ ಹಾರ ಕುರ್ಚಿಯ ಮೇಲೆ ಬಿದ್ದಿತ್ತು. ಚಂದ್ರಶೇಖರಯ್ಯ ಎದ್ದು ನಿಂತು, "ಈ ಎಲೆಕ್ಷನ್ನನ್ನು ಸಂಸ್ಥೆ ಒಪ್ಪಲ್ಲ. ಈ ಸಂಘಾನೂ ಒಪ್ಪಲ್ಲ" ಎಂದು ಹೇಳಿ ಹೊರಟುಹೋದರು. ಸೋಮವಾರ ಬೆಳಗ್ಗೆ ಹೊಂಬಾಳಮ್ಮ ಮತ್ತೆ ಕಿಂಡಿಯ ಮುಂದೆ ಬಗ್ಗಿದಳು. ಬುಟ್ಟಿ ಅದೇ. ಅಧ್ಯಕ್ಷೆಯ ತಲೆಯ ಮೇಲೆ ಅದು ಹಗುರಾಗಲಿಲ್ಲ.

ಹೆಚ್ಚು ದಿನ ಕಳೆಯಲಿಲ್ಲ. ಕುಣಿಗಲ್ಲಿನಿಂದ ಸುದ್ದಿ ಬಂತು. ಚಿಕ್ಕಗಂಗಮ್ಮ ದಿಣ್ಣೆಯ ಮೇಲೆ ಕೊಡಗಳ ಸಮೇತ ಬಿದ್ದಳು. ಗರ್ಭಚೀಲ ಪೂರ್ತಿ ಹೊರಗೆ ಬಂದಿದೆ. ಮನೆಯಲ್ಲಿ ಚಾಪೆಯ ಮೇಲೆ ಬಿದ್ದಿದ್ದಾಳೆ. ಶಾಲೆಯವರು ಆಗಲೇ ಅವಳ ಜಾಗಕ್ಕೆ ಬೇರೆ ಹೆಂಗಸನ್ನು ಹಾಕಿದ್ದಾರೆ.

ಕದರಯ್ಯನೂ ಪುಟ್ಟರಂಗಯ್ಯನೂ ಗುಬ್ಬಿಯಿಂದ ಬಂದಿದ್ದರು. ಹೊಂಬಾಳಮ್ಮನ ಗುಡಿಸಲಿನ ಮುಂದೆ ಮಾತಾಯಿತು. ಪುಟ್ಟರಂಗಯ್ಯ ಈಗ ಅಲ್ಲಿನ ಒರಳುಕಲ್ಲಿನ ಮೇಲೆ ಕೂರುತ್ತಿದ್ದ. ನೀರು ಮಾತ್ರ ಕುಡಿಯುತ್ತಿರಲಿಲ್ಲ.

"ಓಟು ಹಾಕ್ದೆ ಎದ್ದೋದೋಳು," ಎಂದ ಕದರಯ್ಯ. "ಅವಳಿಂದ ಅರ್ಧ ಜನ ಎದ್ದೋದ್ರು. ಅವಳಿಗೋಸ್ಕರ ನಾವ್ಯಾಕೆ ಸಾಯ್ಬೇಕು?"

"ಹೊಸ ಸಂಘ. ಮೊದಲ್ನೇ ಜಗಳಾನೇ ಸೋತ್ರೆ ಮುಗೀತು," ಎಂದ ಪುಟ್ಟರಂಗಯ್ಯ.

ಸುದ್ದಿ ಕೇಳಿದ ಕೂಡಲೇ ಹೊಂಬಾಳಮ್ಮನಿಗೆ ಆಗಲಿ ಅನ್ನಿಸಿತ್ತು. ಅವಳೂ ಬೀಳಲಿ, ಗೊತ್ತಾಗಲಿ ಅನ್ನಿಸಿತ್ತು. ಆ ಅನಿಸಿಕೆ ಇನ್ನೂ ಬಾಯಲ್ಲಿ ಹುಳಿಯಾಗಿತ್ತು. ಅದನ್ನು ಹಾಗೇ ಇಟ್ಟುಕೊಂಡು ಎದ್ದಳು.

"ನಡೀರಿ ಆಫೀಸಿಗೆ," ಎಂದಳು.

ಅವಳು ಮೆಟ್ಟಿಲ ಕೆಳಗೆ ನಿಲ್ಲಲಿಲ್ಲ. ಹತ್ತಿ ಒಳಗೆ ಹೋದಳು. ಮೇಜಿನ ಮುಂದೆ ನಿಂತಳು. ಹಿಂದೆ ಬಾಗಿಲ ತುಂಬ ಜನ. ಚಂದ್ರಶೇಖರಯ್ಯ ಪೆನ್ನು ಕೆಳಗಿಟ್ಟರು.

"ಯಾರು ನಿನ್ನ ಒಳಗೆ ಬಿಟ್ಟಿದ್ದು?"

"ಕುಣಿಗಲ್ಲಿನ ಚಿಕ್ಕಗಂಗಮ್ಮಂಗೆ ರಜಾ ಬೇಕು. ವಾಸಿಯಾದ್ಮೇಲೆ ಅವಳ ಕೆಲ್ಸ ಅವಳಿಗೆ ಬೇಕು."

ಅವರು ನಕ್ಕರು. "ಆಯಮ್ಮ ನಿನ್ನ ಮಡಕೆಗೆ ಕೈ ಹಾಕಲಿಲ್ಲವಂತಲ್ಲ?"

"ಹಾಕ್ಲಿಲ್ಲ."

"ನಿನ್ನ ಮುಟ್ಟಿಸಿಕೊಳ್ಳೋದೂ ಇಲ್ಲ."

"ಇಲ್ಲ. ಅದು ನಂಗೂ ಅವಳಿಗೂ ಇರೋ ಜಗಳ. ನಾನೇ ನೋಡ್ಕಂತೀನಿ. ಈಗ ನಿಮ್ ಜಗಳ ಹೇಳಿ. ರಜಾ ಕೊಡ್ತೀರೋ ಇಲ್ವೋ? ಕೊಡಲ್ಲ ಅಂದ್ರೆ ಇವತ್ತಿಂದ ಬುಟ್ಟಿ ಎತ್ತಲ್ಲ, ನೀರು ಸೇದಲ್ಲ, ಗಂಟೆ ಹೊಡೆಯಲ್ಲ. ಮೂರೂರಲ್ಲೂ."

ಅವರು ಕೊಡಲ್ಲ ಎಂದರು. ಇವರು ಎತ್ತಲಿಲ್ಲ.

ಗುಬ್ಬಿಯಲ್ಲಿ ಪುಟ್ಟರಂಗಯ್ಯ ಗಂಟೆಯ ಸುತ್ತಿಗೆಯನ್ನು ಮನೆಗೆ ಒಯ್ದು ಅಟ್ಟಕ್ಕೆ ಹಾಕಿದ. ಕುಣಿಗಲ್ಲಿನಲ್ಲಿ ಹಂಡೆಗಳು ಬರಿದಾದವು. ತುಮಕೂರಿನ ಕಕ್ಕಸುಗಳು ತುಂಬಿ ಹರಿದವು. ಮಕ್ಕಳು ಮೂಗು ಮುಚ್ಚಿಕೊಂಡು ಮನೆಗೆ ಹೋದರು. ಪೊಲೀಸರು ಬಂದರು. ಕದರಯ್ಯನನ್ನು ಸ್ಟೇಷನ್ನಿನಲ್ಲಿ ಕೂರಿಸಿ ಹೊಡೆದರು. ಅವನು ಮುದ್ದೆಯ ಮಾತೆತ್ತಲಿಲ್ಲ. ಹೊರಗಿನಿಂದ ಬಳಿಯುವವರನ್ನು ಹುಡುಕಿದರು, ಊರ್ಡಿಗೆರೆಯ ತನಕ ಹೋಗಿ ಕೇಳಿದರು. ಯಾರೂ ಬರಲಿಲ್ಲ. ಆಮೇಲೆ ಮಕ್ಕಳ ಅಪ್ಪಂದಿರು ಆಫೀಸಿನ ಮುಂದೆ ಬಂದು ಕೂಗಾಡಿದರು. ಅವರಿಗೆ ಚಿಕ್ಕಗಂಗಮ್ಮ ಯಾರೆಂದು ಗೊತ್ತಿರಲಿಲ್ಲ. ಅವರಿಗೆ ನಾತ ಗೊತ್ತಿತ್ತು. ಚಂದ್ರಶೇಖರಯ್ಯ ರಜಾ ಬರೆದುಕೊಟ್ಟರು. ಕೆಲಸ ಉಳಿಸಿದರು. ಬುಟ್ಟಿಯ ಬದಲು ಗಾಡಿ ಎಂದು ಕೇಳಿದ್ದಕ್ಕೆ ಮುಂದೆ ನೋಡೋಣ ಎಂದರು.

ಮುಂದೆ ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ದಿನ ಅಷ್ಟನ್ನು ಹಿಡಿದುಕೊಂಡು ಹೊಂಬಾಳಮ್ಮ ಕುಣಿಗಲ್ ಬಸ್ಸು ಹತ್ತಿದಳು.

ಚಿಕ್ಕಗಂಗಮ್ಮನ ಮನೆ ಒಂದೇ ಕೋಣೆ. ಬಾಗಿಲು ತೆರೆದಿತ್ತು. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೋಣೆಯಿಂದ ಕೀವಿನ ವಾಸನೆ ಬರುತ್ತಿತ್ತು. ನೆರೆಯವರು ಬಾಗಿಲಲ್ಲೇ ಗಂಜಿ ಇಟ್ಟು ಹೋಗಿದ್ದರು. ಹೊಂಬಾಳಮ್ಮ ಹೊಸಲಿನ ಹೊರಗೆ ನಿಂತು ವಿಷಯ ಹೇಳಿದಳು.

ಚಿಕ್ಕಗಂಗಮ್ಮ ತಿರುಗಲಿಲ್ಲ.

"ನಾನು ನಿಂಗೆ ಹಾಕ್ಲಿಲ್ಲ ಕಣವ್ವ."

"ಗೊತ್ತು."

"ಮತ್ಯಾಕ್ ಬಂದೆ?"

"ನಿನ್ ಮೇಲೆ ಪ್ರೀತಿ ಉಕ್ಕಿ ಬಂದಿಲ್ಲ. ನೀನು ಸಂಘದೋಳು, ಅದಕ್ಕೆ ಬಂದೆ," ಎಂದಳು ಹೊಂಬಾಳಮ್ಮ. ಅವಳ ಧ್ವನಿಯಲ್ಲಿ ಸಿಟ್ಟಿತ್ತು. ಅದನ್ನು ಮುಚ್ಚಿಡಲಿಲ್ಲ. "ತುಮಕೂರಿನ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಬಸ್ಸು ಇನ್ನೇನು ಬತ್ತದೆ. ನಿಂಗೆ ಏಳಕ್ಕಾಗಲ್ಲ. ಎತ್ಕಂಡೇ ಹೋಗ್ಬೇಕು. ನಿಮ್ ಜನ ಯಾರೂ ಬರಲ್ಲ ಅಂದವ್ರೆ, ಕೇಳ್ಕಂಡೇ ಬಂದೆ. ನಾನೇ ಎತ್ಬೇಕು. ಬೇಡ ಅಂದ್ರೆ ಈಗ್ಲೇ ಹೇಳು."

ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಚಿಕ್ಕಗಂಗಮ್ಮ ಬಾ ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಹೊಂಬಾಳಮ್ಮ ಇನ್ನು ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸಲು ದಾಟಿ ಒಳಗೆ ಹೋದಳು.